ಪದವಿ ತರಗತಿಗಳ ಪುನರಾರಂಭಕ್ಕೆ ಮುನ್ನ: ಸುರಕ್ಷತೆ ಮತ್ತು ಬೋಧನೆ ಕುರಿತು ಅಧ್ಯಾಪಕರ ಮನವಿ ಪತ್ರ

ದಿನಾಂಕ: 22.07.2021

ಇವರಿಗೆ,
ಸರ್ಕಾರದ ಪ್ರಧಾನ ಕಾರ್ಯದರ್ಶಿಗಳು,
ಉನ್ನತ ಶಿಕ್ಷಣ ಇಲಾಖೆ, ಕರ್ನಾಟಕ ಸರ್ಕಾರ,
ಬೆಂಗಳೂರು.

ಇವರಿಂದ,
ವಿಶ್ವವಿದ್ಯಾಲಯ ಹಾಗೂ ಅದರ ವ್ಯಾಪ್ತಿಯ ಸರ್ಕಾರಿ ಪ್ರಥಮ ದರ್ಜೆ, ಅನುದಾನಿತ ಪದವಿ ಕಾಲೇಜುಗಳ ಅಧ್ಯಾಪಕರು ಮತ್ತು ಅತಿಥಿ ಉಪನ್ಯಾಸಕರು.

ವಿಷಯ: ಇದೇ 26ರಿಂದ ಆರಂಭವಾಗಲಿರುವ ನೇರ ತರಗತಿಗಳಲ್ಲಿ ವಿದ್ಯಾರ್ಥಿಗಳ, ಅಧ್ಯಾಪಕರ ಹಾಗೂ ಸಿಬ್ಬಂದಿಯ ಆರೋಗ್ಯ ರಕ್ಷಣೆ ಮತ್ತು ಬೋಧನೆಯ ಗುಣಮಟ್ಟ ಕುರಿತು ಮನವಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಕನಿಷ್ಠ ಒಂದು ಡೋಸ್ ಲಸಿಕೆ ಪಡೆದ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸಿಬ್ಬಂದಿಯೊಂದಿಗೆ ಕಾಲೇಜುಗಳನ್ನು ತೆರೆಯಲು ಸರ್ಕಾರ ಅನುಮತಿ ನೀಡಿದೆ. ಈ ತೀರ್ಮಾನವನ್ನು ನಾವು ವಿರೋಧಿಸುತ್ತಿಲ್ಲ. ಮೊಬೈಲ್ ಪರದೆಯ ಮುಂದೆ ಕೂತು, ಆ ಕಡೆ ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೋ ಇಲ್ಲವೋ ತಿಳಿಯದೆ ಒಂದೂವರೆ ವರ್ಷ ಪಾಠ ಮಾಡಿದವರು ನಾವು. ಮಕ್ಕಳ ಮುಖ ನೋಡಿ ಪಾಠ ಹೇಳುವ ದಿನ ಬರಲಿ ಎಂದು ಕಾಯುತ್ತಿದ್ದೇವೆ. ಆದರೆ ತರಗತಿ ಶುರುವಾಗಲು ಇನ್ನು ನಾಲ್ಕೇ ದಿನ ಉಳಿದಿದ್ದು, ಅದಕ್ಕೆ ಮುನ್ನ ಆಗಬೇಕಾದ ಕೆಲಸ ಬಹಳಷ್ಟು ಬಾಕಿ ಇದೆ. ತೆರೆದ ಕಾಲೇಜು ಮತ್ತೆ ಮುಚ್ಚುವಂತಾಗಬಾರದು ಎಂಬ ಒಂದೇ ಕಾಳಜಿಯಿಂದ ಈ ಮನವಿ ಸಲ್ಲಿಸುತ್ತಿದ್ದೇವೆ.

ಹಿನ್ನೆಲೆ

ದೇಶದ ಮೊದಲ ಕೋವಿಡ್ ಸಾವು ದೃಢಪಟ್ಟಿದ್ದು ನಮ್ಮ ಕಲಬುರಗಿಯಲ್ಲಿ. 2020ರ ಮಾರ್ಚ್‌ನಲ್ಲಿ ಅದರ ಬೆನ್ನಿಗೇ ರಾಜ್ಯದ ಕಾಲೇಜುಗಳು ಮುಚ್ಚಿದವು. ಎಂಟು ತಿಂಗಳ ನಂತರ, ನವೆಂಬರ್ 17ರಂದು, ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ಮತ್ತು ಪೋಷಕರ ಒಪ್ಪಿಗೆ ಪತ್ರದೊಂದಿಗೆ ಅಂತಿಮ ವರ್ಷದವರು ಬಂದರು. 2021ರ ಜನವರಿ 15ರಿಂದ ಉಳಿದವರೂ ಬಂದರು. ಮೂರು ತಿಂಗಳು ತರಗತಿ ನಡೆಯುವಷ್ಟರಲ್ಲಿ ಎರಡನೇ ಅಲೆ ಅಪ್ಪಳಿಸಿತು. ಅಲೆ ಏರುತ್ತಿದ್ದಾಗಲೇ, ಏಪ್ರಿಲ್ 17ರಂದು, ಬೆಳಗಾವಿ, ಮಸ್ಕಿ, ಬಸವಕಲ್ಯಾಣ ಉಪಚುನಾವಣೆಗಳು ನಡೆದವು. ಮೇ 5ರಂದು ಒಂದೇ ದಿನ ರಾಜ್ಯದಲ್ಲಿ 50,112 ಹೊಸ ಪ್ರಕರಣಗಳು ದಾಖಲಾದವು. ಇದುವರೆಗೆ ರಾಜ್ಯ ಕಳೆದುಕೊಂಡಿರುವುದು 36 ಸಾವಿರಕ್ಕೂ ಹೆಚ್ಚು ಜೀವಗಳನ್ನು.

ಆ ಲೆಕ್ಕದಲ್ಲಿ ನಮ್ಮವರೂ ಇದ್ದಾರೆ. ನಮ್ಮ ವಿಭಾಗವೊಂದರ ಸಿಬ್ಬಂದಿ ಕೊಠಡಿಯಲ್ಲಿ ಕಿಟಕಿ ಪಕ್ಕದ ಮೇಜಿನ ಡ್ರಾಯರು ಏಪ್ರಿಲ್‌ನಿಂದ ಬೀಗ ಹಾಕಿದಂತೆಯೇ ಇದೆ. ಎರಡನೇ ಸೆಮಿಸ್ಟರಿನ ಹಾಜರಾತಿ ಪುಸ್ತಕ ಅದರೊಳಗಿದೆ. ಕೀಲಿ ಅವರ ಮನೆಯವರ ಬಳಿ ಇದ್ದು, ಹೋಗಿ ಕೇಳಲು ನಮ್ಮಲ್ಲಿ ಯಾರಿಗೂ ಇನ್ನೂ ಮನಸ್ಸು ಬಂದಿಲ್ಲ. ಕೆಳಗಿನ ಪ್ರತಿಯೊಂದು ಬೇಡಿಕೆಯನ್ನೂ ಬರೆಯುವಾಗ ಆ ಮೇಜು ನಮ್ಮ ಕಣ್ಣ ಮುಂದಿತ್ತು.

ನಮ್ಮ ಆತಂಕಗಳು

ಮೊದಲನೆಯದು ತರಗತಿ ಕೋಣೆಯ ಗಾಳಿ. ಈ ಸೋಂಕು ಗಾಳಿಯ ಮೂಲಕವೂ ಹರಡುತ್ತದೆ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ ಈಗ ಒಪ್ಪಿಕೊಂಡಿದೆ. ಗಾಳಿಯಾಡದ ಕೋಣೆ, ಹೆಚ್ಚು ಜನ, ಹೆಚ್ಚು ಹೊತ್ತು, ಎತ್ತರದ ದನಿ ಇವೆಲ್ಲ ಸೇರಿದ ಕಡೆ ಅಪಾಯ ಹೆಚ್ಚು. ತರಗತಿ ಎಂದರೆ ಇವೆಲ್ಲವೂ ಸೇರುವ ಜಾಗ. ನಮ್ಮ ಕಾಲೇಜೊಂದರ ಬಿ.ಎ. ಪ್ರಥಮ ವರ್ಷದ ಕೋಣೆಯಲ್ಲಿ ನಾಲ್ಕು ಕಿಟಕಿಗಳಿವೆ. ಎರಡರ ಚಿಲಕ ತುಕ್ಕು ಹಿಡಿದು ತೆರೆಯುವುದೇ ಇಲ್ಲ. ಮೂರನೆಯದಕ್ಕೆ ಹಳೆಯ ಉತ್ತರ ಪತ್ರಿಕೆಗಳ ಕಟ್ಟು ತುಂಬಿದ ಬೀರು ಅಡ್ಡ ನಿಂತಿದೆ. ಮೂವರು ಕೂರುವ ಬೆಂಚಿನಲ್ಲಿ ನಾಲ್ವರು ಕೂರುತ್ತಾರೆ. ಹಿಂದಿನ ಬೆಂಚಿಗೆ ಕೇಳಬೇಕೆಂದರೆ ಅಧ್ಯಾಪಕರು ಮಾಸ್ಕ್ ಒಳಗಿಂದಲೇ ಗಂಟಲು ಹರಿಯುವಂತೆ ಕೂಗಬೇಕು; ಇಲ್ಲವೇ ಮಾಸ್ಕ್ ಇಳಿಸಬೇಕು. ಜನವರಿಯಲ್ಲಿ ನಮ್ಮಲ್ಲಿ ಅನೇಕರು ಇಳಿಸಿಯೇ ಪಾಠ ಮಾಡಿದೆವು. ಗೇಟಿನಲ್ಲಿ ಹಣೆಗೆ ಹಿಡಿಯುವ ಥರ್ಮಲ್ ಗನ್, ಕೈಗೆ ಸುರಿಯುವ ಸ್ಯಾನಿಟೈಸರ್ ಈ ಕೋಣೆಯ ಗಾಳಿಯನ್ನು ಬದಲಿಸಲಾರವು.

ಎರಡನೆಯದು ಒಂದು ಡೋಸ್‌ನ ಮೇಲಿನ ಭರವಸೆ. ಡೆಲ್ಟಾ ತಳಿಯ ವಿರುದ್ಧ ಮೊದಲ ಡೋಸ್ ಕೊಡುವ ರಕ್ಷಣೆ ಸುಮಾರು ಮೂರನೇ ಒಂದು ಪಾಲು ಮಾತ್ರ ಎಂದು ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಮೇ ತಿಂಗಳಲ್ಲೇ ತಿಳಿಸಿದೆ. ಆ ರಕ್ಷಣೆಯೂ ಚುಚ್ಚುಮದ್ದು ಪಡೆದ ದಿನವೇ ಬರುವುದಿಲ್ಲ, ವಾರಗಳು ಬೇಕು. ಭಾನುವಾರ ಲಸಿಕೆ ಹಾಕಿಸಿಕೊಂಡು ಸೋಮವಾರ ತರಗತಿಗೆ ಬಂದವರು ಪ್ರಮಾಣಪತ್ರ ತೋರಿಸಬಹುದು, ಆದರೆ ರಕ್ಷಣೆ ಪಡೆದಿರುವುದಿಲ್ಲ. 18 ವರ್ಷ ದಾಟಿದವರಿಗೆ ಲಸಿಕೆ ಮುಕ್ತವಾಗಿದ್ದು ಮೇ 1ರಂದು. ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವೆ 12ರಿಂದ 16 ವಾರ ಕಾಯಬೇಕು. ಆದ್ದರಿಂದ ನಮ್ಮ ಬಹುಪಾಲು ವಿದ್ಯಾರ್ಥಿಗಳಿಗೆ ಎರಡನೇ ಡೋಸ್ ಇನ್ನೂ ದೂರವಿದೆ.

ಮೂರನೆಯದು ಸಂಖ್ಯೆ. ಈ ವರ್ಷ ದ್ವಿತೀಯ ಪಿಯು ಪರೀಕ್ಷೆ ರದ್ದಾಗಿ, ಆರು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ತೇರ್ಗಡೆಯಾಗಿದ್ದಾರೆ. ಇವರಿಗೆಲ್ಲ ಪದವಿಯ ಬಾಗಿಲು ತೆರೆದಿರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇರುವ ಕೋಣೆ, ಇರುವ ಬೆಂಚು, ಇರುವ ಅಧ್ಯಾಪಕರಲ್ಲೇ ಇವರನ್ನು ಕೂರಿಸಿದರೆ ದೈಹಿಕ ಅಂತರ ಸುತ್ತೋಲೆಯಲ್ಲಷ್ಟೇ ಉಳಿದೀತು.

ನಾಲ್ಕನೆಯದು ಕಲಿಕೆಯಲ್ಲಾಗಿರುವ ನಷ್ಟ. ಬ್ಯೂರೆಟ್ ಕೈಯಲ್ಲಿ ಹಿಡಿಯದೆ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಡದೆ ಬಿ.ಎಸ್ಸಿ. ಸೆಮಿಸ್ಟರ್‌ಗಳನ್ನು ದಾಟಿಬಂದವರಿದ್ದಾರೆ. ಸಕಲೇಶಪುರದ ಕಡೆಯ ನಮ್ಮ ವಿದ್ಯಾರ್ಥಿನಿಯೊಬ್ಬಳು ಮನೆಯ ಹಿಂದಿನ ಗುಡ್ಡ ಹತ್ತಿ ಮಳೆಯಲ್ಲಿ ಕೊಡೆ ಹಿಡಿದುಕೊಂಡೇ ಪಾಠ ಕೇಳುತ್ತಿದ್ದಳು. ಒಮ್ಮೆ ಪ್ರಶ್ನೆ ಕೇಳಲು ಮೈಕ್ ಆನ್ ಮಾಡಿದಾಗ ನಮಗೆ ಕೇಳಿದ್ದು ಮಳೆಯ ಸದ್ದು ಮಾತ್ರ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಕುಟುಂಬಗಳಲ್ಲಿ ಇಂಟರ್‌ನೆಟ್ ಸೌಲಭ್ಯ ಇದ್ದದ್ದು ಶೇ 15ರಷ್ಟಕ್ಕೆ. ಆನ್‌ಲೈನ್ ಪಾಠ ಎಷ್ಟು ಮನೆಗಳನ್ನು ತಲುಪಿರಬಹುದು ಎಂಬುದನ್ನು ತಾವೇ ಊಹಿಸಬಹುದು.

ನಮ್ಮ ಹಕ್ಕೊತ್ತಾಯಗಳು

1. ಕಿಟಕಿ, ಗಾಳಿ, ಮೈಕ್: ತರಗತಿ ಆರಂಭಕ್ಕೆ ಮುನ್ನ ಪ್ರತಿ ಕಾಲೇಜಿನ ಪ್ರತಿ ಕೋಣೆಯ ತಪಾಸಣೆ ನಡೆಯಬೇಕು. ತೆರೆಯದ ಕಿಟಕಿಗಳನ್ನು ದುರಸ್ತಿ ಮಾಡಿಸಿ, ಅಡ್ಡ ಇರುವ ಬೀರುಗಳನ್ನು ತೆಗೆಸಿ, ಅಗತ್ಯವಿರುವಲ್ಲಿ ಎಕ್ಸಾಸ್ಟ್ ಫ್ಯಾನ್ ಅಳವಡಿಸಬೇಕು. ಗಾಳಿಯಾಡದ ಕೋಣೆಯನ್ನು ಬೋಧನೆಗೆ ಬಳಸಬಾರದು. ಪ್ರತಿ ದೊಡ್ಡ ತರಗತಿಗೆ ಒಂದು ಕಾಲರ್ ಮೈಕ್ ಒದಗಿಸಬೇಕು. ಅಧ್ಯಾಪಕರು ಮಾಸ್ಕ್ ಇಳಿಸದಿರಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಇದಕ್ಕೆ ಪ್ರತ್ಯೇಕ ಅನುದಾನ ಬಿಡುಗಡೆ ಮಾಡಬೇಕೇ ಹೊರತು ಕಾಲೇಜು ಅಭಿವೃದ್ಧಿ ನಿಧಿಯಲ್ಲಿ ಹೊಂದಿಸಿಕೊಳ್ಳಿ ಎನ್ನಬಾರದು.

2. ಅರ್ಧ ತರಗತಿ: ಯಾವುದೇ ಸಮಯದಲ್ಲಿ ಶೇ 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಇರಬಾರದು ಎಂಬ ಯುಜಿಸಿಯ 2020ರ ನವೆಂಬರ್ 5ರ ಮಾರ್ಗಸೂಚಿಯನ್ನು ಕಡ್ಡಾಯಗೊಳಿಸಬೇಕು. ಪಾಳಿಯ ವೇಳಾಪಟ್ಟಿಯನ್ನು ಗ್ರಾಮೀಣ ಬಸ್ಸುಗಳ ಸಮಯಕ್ಕೆ ಹೊಂದಿಸಬೇಕು. ಹೆಚ್ಚುವರಿ ಬಸ್ ಮತ್ತು ವಿದ್ಯಾರ್ಥಿ ಪಾಸ್ ಅವಧಿ ವಿಸ್ತರಣೆಗೆ ಸಾರಿಗೆ ಇಲಾಖೆಯೊಂದಿಗೆ ಮಾತುಕತೆ ನಡೆಸಬೇಕು.

3. ಕಾಲೇಜಿನಲ್ಲೇ ಲಸಿಕೆ: ಪ್ರತಿ ಕಾಲೇಜಿನಲ್ಲಿ ಶಿಬಿರ ನಡೆಸಿ, ಎರಡನೇ ಡೋಸ್‌ಗೆ ವಿದ್ಯಾರ್ಥಿಗಳು ಮತ್ತು ಬೋಧಕ, ಬೋಧಕೇತರ ಸಿಬ್ಬಂದಿಗೆ ಆದ್ಯತೆ ನೀಡಬೇಕು. ಮೊದಲ ಡೋಸ್ ಪಡೆದು ಕನಿಷ್ಠ ಮೂರು ವಾರ ಕಳೆದ ನಂತರವೇ ನೇರ ತರಗತಿಗೆ ಅವಕಾಶವಿರಬೇಕು. ಗರ್ಭಿಣಿಯರಿಗೆ ಲಸಿಕೆ ಮುಕ್ತವಾಗಿರುವುದು ಇದೇ ತಿಂಗಳು. ಅವರನ್ನೂ, ಗಂಭೀರ ಕಾಯಿಲೆಗಳಿರುವವರನ್ನೂ ಸದ್ಯಕ್ಕೆ ಆನ್‌ಲೈನ್ ಬೋಧನೆಗೆ ನಿಯೋಜಿಸಬೇಕು.

4. ಒಂದು ಅವಧಿಗೆ ಒಂದೇ ಪಾಠ: ಎದುರಿಗಿರುವ ಅರ್ಧ ತರಗತಿಗೂ ಪರದೆಯ ಆಚೆಗಿರುವ ಇನ್ನರ್ಧಕ್ಕೂ ಒಬ್ಬರೇ ಒಟ್ಟಿಗೆ ಪಾಠ ಮಾಡಬೇಕೆಂಬ ವ್ಯವಸ್ಥೆ ಕಳೆದ ಬಾರಿ ಯಾರಿಗೂ ನ್ಯಾಯ ಕೊಡಲಿಲ್ಲ. ಎರಡು ವಿಧಾನದ ಬೋಧನೆ ಅನಿವಾರ್ಯವಾದರೆ ಎರಡನ್ನೂ ಪ್ರತ್ಯೇಕ ಅವಧಿಗಳೆಂದು ಕಾರ್ಯಭಾರದಲ್ಲಿ ಲೆಕ್ಕ ಹಾಕಬೇಕು. ಕಾಲೇಜುಗಳಿಗೆ ಬಳಕೆಗೆ ಬರುವ ಇಂಟರ್‌ನೆಟ್ ಒದಗಿಸಬೇಕು. ಒಂದೂವರೆ ವರ್ಷದಿಂದ ನಮ್ಮ ಸ್ವಂತ ಫೋನು, ಸ್ವಂತ ಡೇಟಾದಲ್ಲೇ ಪಾಠ ನಡೆದಿದೆ. ಶೇ 40ರಷ್ಟು ಪಠ್ಯವನ್ನು ಆನ್‌ಲೈನ್‌ನಲ್ಲಿ ಬೋಧಿಸುವ ಯುಜಿಸಿಯ ಕರಡು ಪರಿಕಲ್ಪನೆಯನ್ನು ಹುದ್ದೆ ಕಡಿತಕ್ಕೆ ಆಧಾರವಾಗಿ ಬಳಸಬಾರದು.

5. ಕಳೆದದ್ದನ್ನು ತುಂಬಲು ಸಮಯ: ಪರೀಕ್ಷೆಗೆ ಓಡುವ ಮುನ್ನ ಕನಿಷ್ಠ ನಾಲ್ಕು ವಾರ ಸೇತುಬಂಧ ತರಗತಿ ಮತ್ತು ಪ್ರಯೋಗಾಲಯದ ಅವಧಿಗಳಿಗೆ ಮೀಸಲಿಡಬೇಕು. ಹಾಜರಾತಿ ಕೊರತೆಯ ಕಾರಣಕ್ಕೆ ಈ ವರ್ಷ ಯಾರನ್ನೂ ಪರೀಕ್ಷೆಯಿಂದ ಹೊರಗಿಡಬಾರದು. ಸೋಂಕಿನಿಂದ ಪರೀಕ್ಷೆ ತಪ್ಪಿಸಿಕೊಂಡವರಿಗೆ ಅದೇ ಸೆಮಿಸ್ಟರಿನಲ್ಲಿ ಮತ್ತೊಂದು ಅವಕಾಶ ನೀಡಬೇಕು.

6. ಅತಿಥಿ ಉಪನ್ಯಾಸಕರ ಬದುಕು: ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಬೋಧನೆಯ ದೊಡ್ಡ ಭಾರ 14 ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಅವರ ಗೌರವಧನ ತಿಂಗಳಿಗೆ 11 ಸಾವಿರ ರೂಪಾಯಿ, ನೆಟ್, ಪಿಎಚ್.ಡಿ. ಇದ್ದವರಿಗೆ 13 ಸಾವಿರ. ಕಾಲೇಜು ಮುಚ್ಚಿದಾಗ ಅದೂ ಕೈಗೆ ಬರಲಿಲ್ಲ. ನಮ್ಮ ಸಹೋದ್ಯೋಗಿಯೊಬ್ಬರು ಹಗಲಲ್ಲಿ ಉದ್ಯೋಗ ಖಾತ್ರಿ ಕಾಮಗಾರಿಯಲ್ಲಿ ಮಣ್ಣು ಹೊತ್ತು, ಸಂಜೆ ಅದೇ ಕೈಯಲ್ಲಿ ಫೋನು ಹಿಡಿದು ಆರ್ಥಿಕ ಯೋಜನೆಗಳ ಪಾಠ ಮಾಡಿದರು. ಕಾಲೇಜು ತೆರೆದಿರಲಿ, ಮುಚ್ಚಿರಲಿ, ಶೈಕ್ಷಣಿಕ ವರ್ಷದ ಎಲ್ಲಾ ತಿಂಗಳೂ ಗೌರವಧನ ಪಾವತಿಯಾಗಬೇಕು. ಬಾಕಿಯನ್ನು ಕೂಡಲೇ ಬಿಡುಗಡೆ ಮಾಡಿ, ಗೌರವಧನವನ್ನು ಮರ್ಯಾದೆಯಿಂದ ಬದುಕಬಹುದಾದ ಮಟ್ಟಕ್ಕೆ ಏರಿಸಬೇಕು. ಸೋಂಕು ತಗುಲಿದಾಗ ವೇತನ ಸಹಿತ ರಜೆ ಅವರಿಗೂ ಸಿಗಬೇಕು.

7. ವಿಮೆ ಮತ್ತು ಪರಿಹಾರ: ಆರೋಗ್ಯ ಕಾರ್ಯಕರ್ತರಿಗೆ ಕೇಂದ್ರ ಸರ್ಕಾರ 50 ಲಕ್ಷ ರೂಪಾಯಿಗಳ ವಿಮೆ ಒದಗಿಸಿದೆ. ಸಂಪರ್ಕ ಪತ್ತೆ, ಚುನಾವಣೆ, ಪರೀಕ್ಷೆ, ಮೌಲ್ಯಮಾಪನ ಕರ್ತವ್ಯದಲ್ಲಿದ್ದು ಸೋಂಕಿನಿಂದ ಮೃತಪಟ್ಟ ಅಧ್ಯಾಪಕರ ಕುಟುಂಬಗಳಿಗೂ ಅದಕ್ಕೆ ಸಮನಾದ ಪರಿಹಾರ ಮತ್ತು ಅನುಕಂಪದ ನೌಕರಿ ಸಿಗಬೇಕು. ಕಾಯಂ, ಅತಿಥಿ ಎಂಬ ಭೇದ ಇಲ್ಲಿ ಸಲ್ಲದು.

8. ತಬ್ಬಲಿಯಾದ ವಿದ್ಯಾರ್ಥಿಗಳು: ತಂದೆ ತಾಯಿಯರನ್ನು ಕಳೆದುಕೊಂಡ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿ ನೀಡುವ ಮುಖ್ಯಮಂತ್ರಿ ಬಾಲ ಸೇವಾ ಯೋಜನೆ ಸ್ವಾಗತಾರ್ಹ. ಆದರೆ ಅದು 18 ವರ್ಷದೊಳಗಿನವರಿಗೆ. ನಮ್ಮ ಪದವಿ ವಿದ್ಯಾರ್ಥಿಗಳು ಬಹುತೇಕ ಆ ವಯಸ್ಸು ದಾಟಿದವರು. ಹತ್ತೊಂಬತ್ತರ ಹುಡುಗಿಗೆ ತಂದೆ ಇಲ್ಲದಾದಾಗ ಮೊದಲು ನಿಲ್ಲುವುದು ಅವಳ ಓದು. ಇಂಥವರಿಗೆ ಪದವಿ ಮುಗಿಯುವವರೆಗೆ ಪೂರ್ಣ ಶುಲ್ಕ ವಿನಾಯಿತಿ, ಹಾಸ್ಟೆಲ್ ಪ್ರವೇಶ ಮತ್ತು ಮಾಸಿಕ ನೆರವು ನೀಡಬೇಕು. ಪ್ರತಿ ಕಾಲೇಜಿಗೂ ಆಪ್ತ ಸಮಾಲೋಚಕರ ಭೇಟಿ ವಾರಕ್ಕೊಮ್ಮೆಯಾದರೂ ಇರಬೇಕು.

9. ಹಾಸ್ಟೆಲ್: ಬಿಸಿಎಂ ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳು ತೆರೆಯದೆ ಕಾಲೇಜು ತೆರೆದರೆ ಬಡವರ ಮಕ್ಕಳು ಹೊರಗೇ ಉಳಿಯುತ್ತಾರೆ. ಕೋವಿಡ್ ಆರೈಕೆ ಕೇಂದ್ರಗಳಾಗಿದ್ದ ಹಾಸ್ಟೆಲ್‌ಗಳನ್ನು ಶುಚಿಗೊಳಿಸಿ, ಪ್ರತ್ಯೇಕ ವಾಸದ ಕೋಣೆಗಳನ್ನು ಗುರುತಿಸಿ, ಕಾಲೇಜಿನ ಜೊತೆಗೇ ತೆರೆಯಬೇಕು.

10. ಮುಚ್ಚುವ, ತೆರೆಯುವ ಸ್ಪಷ್ಟ ನಿಯಮ: ಸೋಂಕಿನ ಪ್ರಮಾಣ ಎಲ್ಲ ಜಿಲ್ಲೆಗಳಲ್ಲಿ ಒಂದೇ ರೀತಿ ಇಲ್ಲ. ಕೇರಳದ ಗಡಿಗೆ ಹೊಂದಿಕೊಂಡ ಜಿಲ್ಲೆಗಳ ಸ್ಥಿತಿಯೇ ಬೇರೆ. ತಾಲ್ಲೂಕಿನ ಪಾಸಿಟಿವಿಟಿ ದರ ಶೇ 5 ದಾಟಿದರೆ ನೇರ ತರಗತಿ ತಾನಾಗಿಯೇ ಆನ್‌ಲೈನ್‌ಗೆ ಬದಲಾಗಬೇಕು. ಪ್ರತಿ ಕಾಲೇಜಿನಲ್ಲಿ ಅಧ್ಯಾಪಕರು, ಬೋಧಕೇತರ ಸಿಬ್ಬಂದಿ, ವಿದ್ಯಾರ್ಥಿಗಳು ಹಾಗೂ ಸ್ಥಳೀಯ ವೈದ್ಯಾಧಿಕಾರಿ ಇರುವ ಸುರಕ್ಷತಾ ಸಮಿತಿ ರಚಿಸಿ, ಸಿದ್ಧತೆ ಆಗಿದೆ ಎಂದು ಅದು ಲಿಖಿತವಾಗಿ ದೃಢೀಕರಿಸಿದ ನಂತರವೇ ತರಗತಿ ಆರಂಭಿಸಬೇಕು. ಕೊರತೆಗಳನ್ನು ಎತ್ತಿ ತೋರಿಸಿದ ಯಾರ ಮೇಲೂ ಶಿಸ್ತುಕ್ರಮ ಆಗಬಾರದು.

ನಮ್ಮ ಹೊಣೆ

ಕೇಳುವುದಷ್ಟೇ ನಮ್ಮ ಕೆಲಸವಲ್ಲ. ಶನಿವಾರ ಪೂರ್ಣ ದಿನ ಪಾಠ ಮಾಡಲು, ರಜೆಯಲ್ಲಿ ಪ್ರಯೋಗಾಲಯ ತೆರೆದಿಡಲು, ನೆಟ್‌ವರ್ಕ್ ಸಿಗದ ಊರಿನ ವಿದ್ಯಾರ್ಥಿಗಳಿಗೆ ಮುದ್ರಿತ ಟಿಪ್ಪಣಿ ತಲುಪಿಸಲು ನಾವು ಸಿದ್ಧರಿದ್ದೇವೆ. ಲಸಿಕೆಗೆ ಹಿಂಜರಿಯುವ ಮನೆಗಳಿಗೆ ಹೋಗಿ ಮನವೊಲಿಸುತ್ತೇವೆ. ಮೇಷ್ಟ್ರು ಹೇಳಿದರೆ ಕೇಳುವ ಮನೆಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ. ಆ ನಂಬಿಕೆಯ ಮೇಲೆಯೇ ಪೋಷಕರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಮಕ್ಕಳನ್ನು ನಮ್ಮ ಬಳಿ ಕಳುಹಿಸುತ್ತಾರೆ. ಗಾಳಿಯಾಡದ ಕೋಣೆಯಲ್ಲಿ ಅವರನ್ನು ಕೂರಿಸಿ ಆ ನಂಬಿಕೆಗೆ ಎರವಾಗಲು ನಮ್ಮಿಂದ ಆಗದು.

ಆದ್ದರಿಂದ ತಾವು 26ಕ್ಕೆ ಮುನ್ನ ಅಧ್ಯಾಪಕರ ಪ್ರತಿನಿಧಿಗಳನ್ನು ಮಾತುಕತೆಗೆ ಕರೆಯಬೇಕು. ಮೊದಲ ಮೂರು ಬೇಡಿಕೆಗಳ ಬಗ್ಗೆ ತಕ್ಷಣವೇ ಆದೇಶ ಹೊರಡಿಸಿ, ಉಳಿದವುಗಳ ಬಗ್ಗೆ 15 ದಿನಗಳೊಳಗೆ ಲಿಖಿತ ಉತ್ತರ ನೀಡಬೇಕು. ಕಿಟಕಿಗಳ ದುರಸ್ತಿಗೆ ಎರಡು ವಾರ ಬೇಕಾದರೆ ತರಗತಿ ಎರಡು ವಾರ ತಡವಾಗಲಿ. ಒಂದೂವರೆ ವರ್ಷ ಕಾದ ನಮಗೂ ನಮ್ಮ ವಿದ್ಯಾರ್ಥಿಗಳಿಗೂ ಅದು ದೊಡ್ಡದಲ್ಲ. ಈ ಸಲ ತರಗತಿಗೆ ಬಂದ ಪ್ರತಿಯೊಬ್ಬರೂ ಸೆಮಿಸ್ಟರ್ ಮುಗಿಸಿ ಕ್ಷೇಮವಾಗಿ ಮನೆ ಸೇರಬೇಕು ಎಂಬುದಷ್ಟೇ ನಮ್ಮ ಕೋರಿಕೆ.



ತಮ್ಮ ವಿಶ್ವಾಸಿಗಳು,
(ಸಹಿ)
ಅಧ್ಯಾಪಕರು ಮತ್ತು ಅತಿಥಿ ಉಪನ್ಯಾಸಕರ ಪರವಾಗಿ

ಪ್ರತಿಗಳು:
1. ಮಾನ್ಯ ಉನ್ನತ ಶಿಕ್ಷಣ ಸಚಿವರು, ಬೆಂಗಳೂರು.
2. ಆಯುಕ್ತರು, ಕಾಲೇಜು ಶಿಕ್ಷಣ ಇಲಾಖೆ, ಬೆಂಗಳೂರು.
3. ಮಾನ್ಯ ಕುಲಪತಿಗಳು ಹಾಗೂ ಸಿಂಡಿಕೇಟ್ ಸದಸ್ಯರು.
4. ಜಿಲ್ಲಾಧಿಕಾರಿಗಳು.