ಗಲ್ಲಾ ಪೆಟ್ಟಿಗೆಯೂ ಚಾಲ್ತಿ ಖಾತೆಯೂ

2025ರ ಜುಲೈ ತಿಂಗಳಲ್ಲಿ ಕರ್ನಾಟಕದ ಅನೇಕ ಸಣ್ಣ ವ್ಯಾಪಾರಿಗಳು ಅಂಗಡಿಯ ಮುಂದಿದ್ದ ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಎಂದು ಬರೆದು ಅಂಟಿಸಿದರು. ಯುಪಿಐ ಮೂಲಕ ಖಾತೆಗೆ ಬಂದ ಮೊತ್ತವನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳುಹಿಸಿತ್ತು. ತರಕಾರಿ, ಹಾಲು ಮಾರುವವರನ್ನೂ ಅದು ಬಿಟ್ಟಿರಲಿಲ್ಲ. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳೊಂದಿಗೆ ಮಾತುಕತೆ ನಡೆಸಿದ ಬಳಿಕ ಬಿಸಿ ತಣಿಯಿತು. ಆದರೆ ಆಗ ಕೇಳಿಬಂದ ಒಂದು ದೂರನ್ನು ನಾವು ಮರೆಯಬಾರದು. ಅಣ್ಣನು ಮರಳಿಸಿದ ಕೈಸಾಲ, ಮನೆಖರ್ಚಿಗೆ ಬಂದ ಹಣ, ಅಂಗಡಿಯ ವಹಿವಾಟು ಎಲ್ಲವೂ ಒಂದೇ ಉಳಿತಾಯ ಖಾತೆಯಲ್ಲಿ ಕಲಸಿಹೋಗಿದ್ದವು. ಯಾವುದು ಮಾರಾಟ, ಯಾವುದು ಅಲ್ಲ ಎಂದು ಬೇರ್ಪಡಿಸಿ ತೋರಿಸುವುದು ಹೇಗೆ?

ಮೊಳಕಾಲ್ಮೂರು ತಾಲೂಕಿನ ರಾಂಪುರದಲ್ಲಿ, ಬಳ್ಳಾರಿ ರಸ್ತೆಯ ಪಕ್ಕ ಒಬ್ಬ ತರುಣ ಟಯರ್ ಅಂಗಡಿಯನ್ನೋ ಶೇಂಗಾ ವ್ಯಾಪಾರವನ್ನೋ ಆರಂಭಿಸಿದನೆಂದು ಭಾವಿಸೋಣ. ಅವನು ಮೊದಲು ಕೊಳ್ಳುವುದು ತಕ್ಕಡಿ, ನಂತರ ಬೋರ್ಡು. ಬ್ಯಾಂಕಿನ ನೆನಪಾಗುವುದು ಚಳ್ಳಕೆರೆಯ ಸಗಟು ವ್ಯಾಪಾರಿ ಚೆಕ್ ಕೇಳಿದ ದಿನ. ಅಲ್ಲಿಯವರೆಗೆ ಹೆಂಡತಿಯ ಖಾತೆ ಅಥವಾ ಕಾಲೇಜಿಗೆ ಹೋಗುವ ತಮ್ಮನ ಖಾತೆ ಅವನ ಅಂಗಡಿಯ ಗಲ್ಲಾ ಪೆಟ್ಟಿಗೆಯಾಗಿರುತ್ತದೆ. ನೋಟಿಸ್ ಬಂದರೆ ಅದು ಬರುವುದೂ ಆ ಹೆಸರಿಗೇ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ರಿಸರ್ವ್ ಬ್ಯಾಂಕಿನ ನಿಯಮ ಸ್ಪಷ್ಟವಾಗಿದೆ. ಒಬ್ಬನೇ ಮಾಲಿಕನ ಅಂಗಡಿಯಾದರೂ ಸರಿ, ವ್ಯಾಪಾರ ಸಂಸ್ಥೆಯ ಹೆಸರಿನಲ್ಲಿ ಉಳಿತಾಯ ಖಾತೆ ತೆರೆಯುವಂತಿಲ್ಲ. ಅದಕ್ಕಾಗಿಯೇ ಇರುವುದು ಚಾಲ್ತಿ ಖಾತೆ. ಇದಕ್ಕೆ ಬಡ್ಡಿ ಇಲ್ಲ. ಉಳಿತಾಯ ಖಾತೆಗೆ ಬಿದ್ದ ಬಡ್ಡಿಯನ್ನು ಏನು ಮಾಡಬೇಕೆಂದು ಕೇಳಿ ಉಲಮಾಗಳ ಬಳಿ ಬರುವವರು ಬಹಳ ಮಂದಿ. ಬಡ್ಡಿಯೇ ಸೇರದ ಖಾತೆಯೊಂದು ಅದೇ ಕೌಂಟರಿನಲ್ಲಿ ದೊರೆಯುತ್ತದೆ ಎಂಬುದು ಅವರಲ್ಲಿ ಅನೇಕರಿಗೆ ತಿಳಿದೇ ಇಲ್ಲ. ಆದರೆ ಎಚ್ಚರಿಕೆಯೂ ಅಗತ್ಯ. ಇದೇ ಖಾತೆಗೆ ಓವರ್‌ಡ್ರಾಫ್ಟ್ ಸೌಲಭ್ಯವನ್ನು ಜೋಡಿಸಿದರೆ ಬಡ್ಡಿ ಹಿಂಬಾಗಿಲಿನಿಂದ ಒಳಬರುತ್ತದೆ. ಈ ಬಾರಿ ತೆರಬೇಕಾದವರು ನಾವು. ಅರ್ಜಿಗೆ ಸಹಿ ಹಾಕುವ ಮುನ್ನ ಆ ಕಾಲಂ ಓದಿ ನೋಡಬೇಕು.

ಬ್ಯಾಂಕ್ ನಮ್ಮದಲ್ಲ ಎಂಬ ಭಾವನೆ ಸಮುದಾಯದಲ್ಲಿ ಬೇರೂರಿದೆ. ಅದಕ್ಕೆ ಕಾರಣವಿಲ್ಲದೆ ಇಲ್ಲ. ಮುಸ್ಲಿಮರು ಹೆಚ್ಚಾಗಿ ವಾಸಿಸುವ ಕೆಲವು ಪ್ರದೇಶಗಳನ್ನು ಬ್ಯಾಂಕುಗಳು 'ನಕಾರಾತ್ಮಕ ವಲಯ'ಗಳೆಂದು ಗುರುತಿಸಿದ್ದವೆಂದು 2006ರ ಸಾಚಾರ್ ಸಮಿತಿಯ ವರದಿಯೇ ದಾಖಲಿಸಿದೆ. ಆದರೆ ಅದಕ್ಕೆ ನೂರು ವರ್ಷ ಮೊದಲು, 1906ರಲ್ಲಿ, ಉಡುಪಿಯಲ್ಲಿ 5,000 ರೂಪಾಯಿ ಬಂಡವಾಳದಿಂದ ಬ್ಯಾಂಕೊಂದನ್ನು ಸ್ಥಾಪಿಸಿದವರು ಹಾಜಿ ಅಬ್ದುಲ್ಲಾ ಸಾಹೇಬರು. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂಬ ಹೆಸರು ಪಡೆಯಿತು, 1980ರಲ್ಲಿ ರಾಷ್ಟ್ರೀಕರಣಗೊಂಡಿತು, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಇಂತಹ ಪರಂಪರೆಯ ವಾರಸುದಾರರು ಅಕ್ಕಿ ಡಬ್ಬಿಯಲ್ಲಿ ನೋಟು ಬಚ್ಚಿಡುವುದು ವಿಪರ್ಯಾಸವಲ್ಲವೇ?

ಬಚ್ಚಿಟ್ಟರೂ ಒಂದು ಮಾತು. 'ಹಲಾಲ್ ಲಾಭ'ದ ಆಕರ್ಷಣೆಗೆ ಒಳಗಾಗಿ ಐಎಂಎ ಸಂಸ್ಥೆಗೆ ಸುರಿದ ಹಣದ ಗತಿ ಏನಾಯಿತೆಂಬುದನ್ನು 2019ರ ಜೂನ್‌ನಲ್ಲಿ ಬೆಂಗಳೂರಿನ ಶಿವಾಜಿನಗರದಲ್ಲಿ ಕಣ್ಣೀರಿಟ್ಟು ನಿಂತವರು ಹೇಳಬಲ್ಲರು. ಬ್ಯಾಂಕಿನ ಚಾಲ್ತಿ ಖಾತೆಯ ಹಣಕ್ಕಾದರೋ ಠೇವಣಿ ವಿಮೆ ಇದೆ. ಬ್ಯಾಂಕೊಂದರಲ್ಲಿ ಒಬ್ಬರಿಗೆ 5 ಲಕ್ಷ ರೂಪಾಯಿಯವರೆಗೆ ಎಂಬ ಮಿತಿ 2020ರ ಫೆಬ್ರವರಿಯಿಂದ ಜಾರಿಗೆ ಬಂದಿದೆ.

ಇನ್ನು ಯಾವ ಬ್ಯಾಂಕ್ ಎಂಬ ಪ್ರಶ್ನೆ. ಜಾಹೀರಾತು ನೋಡಿ ದೂರದ ನಗರದ ಶಾಖೆಗೆ ಹೋಗುವುದಕ್ಕಿಂತ, ದಿನದ ನಗದನ್ನು ಅಂಗಡಿ ಮುಚ್ಚದೆ ಕಟ್ಟಿ ಬರಬಹುದಾದ ಶಾಖೆಯೇ ಲೇಸು. ತಿಂಗಳಿಗೆ ಎಷ್ಟು ನಗದನ್ನು ಉಚಿತವಾಗಿ ಸ್ವೀಕರಿಸುತ್ತಾರೆ, ಮೀರಿದರೆ ಶುಲ್ಕವೆಷ್ಟು? ಸಣ್ಣ ಪಟ್ಟಣದ ವ್ಯಾಪಾರಿ ಕೇಳಲೇಬೇಕಾದ ಮೊದಲ ಪ್ರಶ್ನೆ ಇದು, ಏಕೆಂದರೆ ಅವನ ಗಿರಾಕಿ ಇಂದಿಗೂ ನೋಟನ್ನೇ ಕೊಡುತ್ತಾನೆ. ಕನಿಷ್ಠ ಶಿಲ್ಕು ಎಷ್ಟು ಎಂಬುದು ಎರಡನೆಯದು. ಉಳಿತಾಯ ಖಾತೆಯಲ್ಲಿ ಹಲವು ಸಾರ್ವಜನಿಕ ಬ್ಯಾಂಕುಗಳು ಈ ನಿಯಮವನ್ನು ಕೈಬಿಟ್ಟಿವೆ, ಆದರೆ ಚಾಲ್ತಿ ಖಾತೆಯಲ್ಲಿ ಶಿಲ್ಕು ಕಡಿಮೆಯಾದರೆ ಸಾಮಾನ್ಯವಾಗಿ ದಂಡ ಬೀಳುತ್ತದೆ. ಮಳೆ ಕೈಕೊಟ್ಟು ವ್ಯಾಪಾರ ಕುಸಿಯುವ ತಿಂಗಳುಗಳನ್ನು ಲೆಕ್ಕ ಹಾಕಿಯೇ ಖಾತೆಯ ಬಗೆಯನ್ನು ಆರಿಸಿಕೊಳ್ಳಬೇಕು. ದಾಖಲೆಗಳ ವಿಷಯ ಅಷ್ಟು ಕಠಿಣವಲ್ಲ. ಆಧಾರ್, ಪಾನ್ ಜೊತೆಗೆ ಅಂಗಡಿಯ ಹೆಸರಿನಲ್ಲಿ ಸಾಮಾನ್ಯವಾಗಿ ಎರಡು ಪುರಾವೆ ಕೇಳುತ್ತಾರೆ. ಪರವಾನಗಿಯೊಂದಿಗೆ, 2020ರ ಜುಲೈಯಿಂದ ಉಚಿತವಾಗಿ ದೊರೆಯುತ್ತಿರುವ ಉದ್ಯಮ್ ನೋಂದಣಿಯೂ ಆಗುತ್ತದೆ. ಅದನ್ನು ಮಾಡಿಸಿಕೊಡಲು ಸರ್ಕಾರಿ ಶುಲ್ಕವೆಂದು ಯಾರಾದರೂ ಹಣ ಕೇಳಿದರೆ ಕೊಡಬೇಕಾಗಿಲ್ಲ.

ಚೆಕ್ ಪುಸ್ತಕ ಕೈಗೆ ಬಂದ ಮೇಲೆ ಸಹಿ ಹಾಕಿದ ಖಾಲಿ ಹಾಳೆಯನ್ನು ಭದ್ರತೆಯೆಂದು ಯಾರಿಗೂ ಕೊಡಬಾರದು. ಹಣವಿಲ್ಲದೆ ಚೆಕ್ ಮರಳಿ, ನೋಟಿಸ್ ತಲುಪಿದ 15 ದಿನಗಳೊಳಗೆ ಪಾವತಿಸದಿದ್ದರೆ, 138ನೇ ಕಲಮಿನಡಿ 2 ವರ್ಷದವರೆಗೆ ಸೆರೆವಾಸ ಅಥವಾ ಚೆಕ್ಕಿನ ಎರಡು ಪಟ್ಟು ಮೊತ್ತದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಬ್ಯಾಂಕುಗಳಿಗೂ ಒಂದು ಮಾತು ಹೇಳಲೇಬೇಕು. ಖಾತೆ ತೆರೆಯುವ ಅರ್ಜಿ ಮತ್ತಿತರ ಮುದ್ರಿತ ಸಾಮಗ್ರಿ ಪ್ರಾದೇಶಿಕ ಭಾಷೆಯಲ್ಲೂ ಇರಬೇಕೆಂಬುದು ರಿಸರ್ವ್ ಬ್ಯಾಂಕಿನದೇ ಸೂಚನೆ. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿ ರೂಪುಗೊಂಡ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಕೇಂದ್ರ ಕಚೇರಿ ಇರುವುದು ರಾಂಪುರದ ರಸ್ತೆ ತಲುಪುವ ಬಳ್ಳಾರಿಯಲ್ಲೇ. ಚಾಲ್ತಿ ಖಾತೆಯ ಶುಲ್ಕಗಳ ಪಟ್ಟಿಯನ್ನು ಕನ್ನಡದಲ್ಲಿ ಮುದ್ರಿಸಿ ಪ್ರತಿ ಶಾಖೆಯ ಗೋಡೆಗೆ ತೂಗುಹಾಕುವ ಕೆಲಸವನ್ನು ಅದು ಮೊದಲು ಮಾಡಲಿ.