ಬೆರಳಿಗೂ ಪ್ರಾಕ್ಟಿಕಲ್ ಬೇಕು

ಶಿಕ್ಷಕ ಬಂಧುಗಳೇ, ಈರುಳ್ಳಿ ಪೊರೆಯ ಸ್ಲೈಡನ್ನು ಮೊದಲ ಸಲ ನೋಡುವ ಎಷ್ಟೋ ಮಕ್ಕಳು ಗಾಳಿಗುಳ್ಳೆಯನ್ನೇ ಜೀವಕೋಶ ಅಂತ ಬರೀತಾರೆ. ಪಾಠ ಕೇಳಿಲ್ಲ ಅಂತಲ್ಲ, ಕಣ್ಣಿಗೆ ಅಭ್ಯಾಸವಿಲ್ಲ. ಸ್ತನ ಪರೀಕ್ಷೆಯಲ್ಲಿ ವೈದ್ಯರ ಬೆರಳಿನ ಕಥೆಯೂ ಇದೇ. ನಮ್ಮ ಆದೋನಿ, ಕೌತಾಳಂ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಈ ಅಭ್ಯಾಸ ಮಾಡಿಸಬೇಕು, ಮಾಡಿಸಿದ ಮೇಲೆ ಪರೀಕ್ಷಿಸಲೂಬೇಕು ಎಂಬುದು ನನ್ನ ವಾದ.

30ರಿಂದ 65 ವರ್ಷದ ಮಹಿಳೆಯರಿಗೆ 5 ವರ್ಷಕ್ಕೊಮ್ಮೆ ಕೈಯಿಂದ ಸ್ತನ ತಪಾಸಣೆ ಆಗಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಬರೀ ಕೈಯಿಂದ ಏನು ತಿಳಿಯುತ್ತೆ ಅಂತೀರಾ? ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಶುರುಮಾಡಿ, ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಅಲ್ಲಿ ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿದವರು ವೈದ್ಯರೂ ಅಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದರೆ ಸಾವಿನ ಇಳಿಕೆ ಖಚಿತವಾಗಿ ಹೇಳುವಷ್ಟಿರಲಿಲ್ಲ. ಆದರೆ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಹತ್ತಿರ ಹತ್ತಿರ ಶೇ. 30ರಷ್ಟು ಕಡಿಮೆಯಾಯಿತು.

ಇದು ಅರ್ಧ ದಿನದ ಪವರ್‌ಪಾಯಿಂಟ್, ಒಂದು ಊಟ, ಒಂದು ಸರ್ಟಿಫಿಕೇಟಿನಿಂದ ಬರುವ ವಿದ್ಯೆಯಲ್ಲ. (ಅಂಥ ತರಬೇತಿ ನಮಗೂ ಗೊತ್ತಲ್ಲ!) ಗಂಟು ಅಡಗಿಸಿಟ್ಟ ಸಿಲಿಕೋನ್ ಮಾದರಿಗಳು ಸಿಗುತ್ತವೆ. ನಡುವಿನ ಮೂರು ಬೆರಳುಗಳ ಮೆತ್ತನೆ ಭಾಗದಿಂದ ಮೊದಲು ಹಗುರವಾಗಿ, ಆಮೇಲೆ ಸ್ವಲ್ಪ ಒತ್ತಿ, ಕೊನೆಗೆ ಆಳವಾಗಿ, ಒಂದಿಂಚೂ ಬಿಡದೆ ಕಂಕುಳದವರೆಗೆ ಹುಡುಕಬೇಕು. ಎಷ್ಟು ಗಂಟು ಸಿಕ್ಕಿತು, ಇಲ್ಲದ ಗಂಟನ್ನು ಎಷ್ಟು ಸಲ ಇದೆ ಎಂದರು, ಎರಡಕ್ಕೂ ಅಂಕ ಹಾಕಬೇಕು. ಯಾಕಂದ್ರೆ ತಪ್ಪಿಹೋದ ಗಂಟು ಜೀವ ತೆಗೆದೀತು. ಇಲ್ಲದ ಗಂಟು ಕೂಲಿ ಹೆಣ್ಣುಮಗಳನ್ನು ದುಡಿಮೆ ಬಿಡಿಸಿ, ಸುಮಾರು 100 ಕಿ.ಮೀ. ದೂರದ ಕರ್ನೂಲಿಗೆ ಸುಮ್ಮನೆ ಓಡಾಡಿಸುತ್ತೆ.

ಮಾತಿಗೂ ತರಬೇತಿ ಬೇಕು. ಶುರುವಿನಲ್ಲಿ ಈ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. "ನೋವಿಲ್ವಲ್ಲ, ಏನೂ ಆಗಲ್ಲ ಹೋಗಮ್ಮ" ಎಂಬ ಮಾತು ವೈದ್ಯರ ಬಾಯಿಂದ ಬರಬಾರದು. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ, ನಿಜ. ಆದರೆ ಅದನ್ನು ಸ್ಕ್ಯಾನಿಂಗ್, ಬಯಾಪ್ಸಿ ಹೇಳಬೇಕು. ಮನೆಯಲ್ಲಿ ಕನ್ನಡ ಆಡುವ ನಮ್ಮ ತಾಯಂದಿರು ಗಂಡಸು ಡಾಕ್ಟರ ಮುಂದೆ, ಅದೂ ತೆಲುಗಿನಲ್ಲಿ, ಇದನ್ನು ಹೇಳಿಕೊಳ್ಳೋದು ಕಷ್ಟ. ಆದ್ದರಿಂದ ಎಎನ್‌ಎಂ ಸಿಸ್ಟರುಗಳನ್ನೂ ಅದೇ ತರಬೇತಿಗೆ ಕೂರಿಸಬೇಕು.

ಇನ್ನೊಂದು, ಶಿಬಿರದ ದಿನ. ಹತ್ತಿ ಬಿಡಿಸೋದು ಮುಗಿದರೆ ಗುಂಟೂರಿನ ಮೆಣಸಿನಕಾಯಿ ಹೊಲಕ್ಕೆ ಓಣಿಗೆ ಓಣಿಯೇ ಗುಳೆ ಹೋಗುತ್ತೆ. ಯಾವ ವಾರ ಹೋಗ್ತಾರೆ ಅನ್ನೋದು ನಮ್ಮ ಹಾಜರಿ ಪುಸ್ತಕಕ್ಕೆ ಗೊತ್ತು. ನಿಮ್ಮೂರಿನ ವೈದ್ಯರಿಗೆ ಈ ತಿಂಗಳೇ ಅದನ್ನು ತಿಳಿಸಿ.