ಚಾಕು ಹೆಸರು ನೋಡಿ ಬ್ಯಾಟ್ರಿ ತಗೋಬೇಡಿ

ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳಕ್ಕೆ ಬನ್ನಿ. ಹೆಸರುವಾಸಿ ಚಾಕು ಕಂಪನಿ ಚಾಕು ಮಾಡಿದ್ರೆ ತಗೊಳ್ಳಿ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಅದೇ ಹೆಸರು ಹೊತ್ಕೊಂಡು ಬರೋ ಬ್ಯಾಟ್ರಿ, ಕೀ ಗೊಂಚಲಿನ ಲೈಟು, ಸೊಂಟದ ಚೀಲ, ಹಗ್ಗದ ಬಳೆ, ಇವಕ್ಕೆ ದುಡ್ಡು ಹಾಕೋದು ದಂಡ. ನಮ್ಮಂಥ ತೆಂಗಿನ ತೋಟದವರಿಗೆ ದಂಡದ ಜೊತೆ ಅಪಾಯವೂ ಹೌದು.

ಈ ವರ್ಷ ಸುತ್ತಮುತ್ತ ಹಳ್ಳಿಲಿ ಇದೊಂದು ಹೊಸ ಹುಚ್ಚು. ಬೆಂಗಳೂರಲ್ಲಿರೋ ಮಗ ಆನ್‌ಲೈನಲ್ಲಿ ತರಿಸಿ ಕಳಿಸ್ತಾನೆ, ಅಮೆರಿಕದ ಅಳಿಯ ಬರುವಾಗ ಹಿಡ್ಕೊಂಡು ಬರ್ತಾನೆ. ಚಾಕು ಹೆಸರು ಕೆತ್ತಿದ ಕಪ್ಪು ಬ್ಯಾಟ್ರಿ, ಬೆರಳುದ್ದ. ಅದನ್ನ ಜೇಬಲ್ಲಿಟ್ಕೊಂಡು ರಾತ್ರಿ ಒಂದು ಗಂಟೆಗೆ ಮೋಟ್ರು ಹಾಕೋಕೆ ಹೋಗ್ತಾರೆ. ಕೇಳಿದ್ರೆ "ಅಣ್ಣ, ಇದು ಬ್ರ್ಯಾಂಡು" ಅಂತಾರೆ. ಯಾವುದರ ಬ್ರ್ಯಾಂಡಪ್ಪ? ಚಾಕುದು. ಕಬ್ಬಿಣ ಕಾಯಿಸಿ ಬಡಿಯೋ ವಿದ್ಯೆಗೂ, ಎಲ್‌ಇಡಿಗೆ ಕರೆಂಟು ಅಳೆದು ಕೊಡೋ ವಿದ್ಯೆಗೂ ಏನು ಸಂಬಂಧ? ಕುಲುಮೆ ಆಚಾರಿ ಮಚ್ಚು ಚೆನ್ನಾಗಿ ಮಾಡ್ತಾರೆ ಅಂತ ಯಾರಾದ್ರೂ ಪಂಪ್‌ಸೆಟ್ ವೈಂಡಿಂಗ್ ಮಾಡ್ಸೋಕೆ ಅವರ ಹತ್ರ ಹೋಗ್ತೀವಾ?

ಚಾಕುವಿನ ಗುಣ ಯಾಕೆ ಒಪ್ಕೋತೀನಿ ಅಂತ ಮೊದಲು ಹೇಳ್ತೀನಿ, ಇಲ್ದಿದ್ರೆ ಹೊಟ್ಟೆಕಿಚ್ಚು ಅಂದ್ಕೋತೀರ. ಕೆಂಪು ಹಿಡಿಯ ವಿಕ್ಟೋರಿನಾಕ್ಸ್ ಎಲ್ಲರಿಗೂ ಗೊತ್ತು. ಸ್ವಿಟ್ಜರ್‌ಲ್ಯಾಂಡಿನ ಷ್ವಿಟ್ಸ್ ಸೀಮೆಯ ಈಬಾಕ್ ಅನ್ನೋ ಊರಲ್ಲಿ 1884ರಲ್ಲಿ ಕಾರ್ಲ್ ಎಲ್ಸೆನರ್ ಶುರು ಮಾಡಿದ ಅಂಗಡಿ ಅದು. 1891ರಲ್ಲಿ ಅವರ ದೇಶದ ಸೈನಿಕರಿಗೆ ಚಾಕು ಕೊಟ್ಟರು, 1897ರಲ್ಲಿ ಈಗ ನಾವು ನೋಡೋ ಥರದ ಮಡಚೋ ಚಾಕು ಬಂತು. ತಾಯಿ ವಿಕ್ಟೋರಿಯಾ 1909ರಲ್ಲಿ ತೀರಿಕೊಂಡಾಗ ಅವರ ಹೆಸರಿಟ್ಟರು. 1921ರಲ್ಲಿ ತುಕ್ಕು ಹಿಡಿಯದ ಸ್ಟೀಲು ಬಂದಾಗ ಅದರ ಗುರುತಿಗೆ 'ಇನಾಕ್ಸ್' ಸೇರಿಸಿದ್ರು. ನೂರು ವರ್ಷಕ್ಕೂ ಮೇಲೆ ಒಂದೇ ಕೆಲಸ. ಅಲಗಿನ ಗಡಸುತನ ಸುಮಾರು 56 ರಾಕ್‌ವೆಲ್. ಅತಿ ಗಡಸಲ್ಲ, ಅದೇ ಒಳ್ಳೇದು. ಸಾಣೆಕಲ್ಲಿಗೆ ನಾಲ್ಕು ಸಲ ಎಳೆದ್ರೆ ಮತ್ತೆ ಹರಿತ ಬರುತ್ತೆ, ಚೂರು ಅಡ್ಡ ತಿರುವಿದ್ರೆ ಮುರಿಯಲ್ಲ. ಅವರ ಕಸಿ ಚಾಕು ನಮ್ಮ ಕಡೆ ಮಾವು, ನಿಂಬೆ ಕಸಿ ಕಟ್ಟೋರ ಕೈಯಲ್ಲಿ ನೋಡಿದೀನಿ. ಅಡುಗೆಮನೆ ಪುಟ್ಟ ಚಾಕುವಂತೂ ಬಿಡಿ, ನಮ್ಮನೇಲಿ ಯಾರಿಗೂ ಬೇರೇದು ಬೇಡ.

ಈಗ ಒಂದು ಮಾತು ಗಮನಿಸಿ. ಈ ಕಂಪನಿ ಚಾಕುವಿನ ತಯಾರಿಕೆ ದೋಷಕ್ಕೆ ಜೀವಮಾನ ಪೂರ್ತಿ ಗ್ಯಾರಂಟಿ ಕೊಡುತ್ತೆ. ಅದೇ ಚಾಕುವಿನೊಳಗೆ ಲೈಟೋ, ಇನ್ಯಾವುದಾದ್ರೂ ಎಲೆಕ್ಟ್ರಾನಿಕ್ ಭಾಗವೋ ಇದ್ರೆ, ಆ ಭಾಗಕ್ಕೆ ಎರಡೇ ವರ್ಷ. ಒಂದೇ ಹಿಡಿ, ಒಂದೇ ಡಬ್ಬಿ, ಎರಡು ಮಾತು. ಮಾಡಿದವರೇ ಅಲಗನ್ನ ನಂಬಿದಷ್ಟು ಬಲ್ಬನ್ನ ನಂಬಲ್ಲ. ಇದನ್ನ ನಾನು ತಪ್ಪು ಅನ್ನಲ್ಲ, ಅವರು ಪ್ರಾಮಾಣಿಕರು. ಡಬ್ಬಿ ಮೇಲೆ ಬರೆದಿದ್ದನ್ನ ಓದದೆ ಹೆಸರು ಮಾತ್ರ ಓದೋರು ನಾವು. ಅವರ ಸ್ವಿಸ್‌ಲೈಟ್ ಅನ್ನೋದು 58 ಮಿಲಿಮೀಟರಿನ ಪುಟಾಣಿ ಚಾಕು, ಒಳಗೆ ಒಂದು ಎಲ್‌ಇಡಿ, ಬಿಲ್ಲೆ ಸೆಲ್ಲು. ಬೀಗದ ತೂತು ಹುಡುಕೋಕೆ ಮಾಡಿದ್ದು. ಅದನ್ನ ಹಿಡ್ಕೊಂಡು ತೋಟಕ್ಕೆ ಇಳಿದ್ರೆ ತಪ್ಪು ಯಾರದು?

ಹೆಸರು ಬಾಡಿಗೆಗೆ ಹೋಗೋ ಕಥೆ ನಮ್ಮೋರಿಗೆ ಗೊತ್ತಾಗಬೇಕು. ವಿಕ್ಟೋರಿನಾಕ್ಸ್ ಹೆಸರಿನ ಸೂಟ್‌ಕೇಸು 1999ರಿಂದ ಬರ್ತಿದೆ. ಬಹಳ ವರ್ಷ ಅದನ್ನ ನಡೆಸಿದ್ದು ಹೆಸರಿನ ಹಕ್ಕು ಪಡೆದಿದ್ದ ಅಮೆರಿಕದ ಬೇರೊಂದು ಕಂಪನಿ. 2014ರಲ್ಲಿ ಸ್ವಿಸ್ಸಿನವರು ಆ ವ್ಯವಹಾರ ವಾಪಸ್ ಕೊಂಡುಕೊಂಡ್ರು. ಇದು ಮರ್ಯಾದಸ್ತರ ಉದಾಹರಣೆ. ಇನ್ನೊಂದು ಕೇಳಿ. ಅಮೆರಿಕದಲ್ಲಿ ಶ್ರೇಡ್ ಅಂತ ಚಾಕು ಕಂಪನಿ, 1904ರದ್ದು. ಅಲ್ಲಿನ ರೈತರ ಜೇಬಲ್ಲಿ ಇರ್ತಿದ್ದ ಚಾಕು. 2004ರಲ್ಲಿ ನ್ಯೂಯಾರ್ಕ್ ರಾಜ್ಯದ ಎಲೆನ್‌ವಿಲ್ ಊರಿನ ಕಾರ್ಖಾನೆಗೆ ಬೀಗ ಬಿತ್ತು, ಕೆಲಸಗಾರರು ಮನೆಗೆ ಹೋದ್ರು. ಉಳಿದ ಹೆಸರನ್ನ ಟೇಲರ್ ಅನ್ನೋ ಕಂಪನಿ ಕೊಂಡುಕೊಂಡು ಚೀನಾದಲ್ಲಿ ಮಾಡಿದ ಮಾಲಿನ ಮೇಲೆ ಅಚ್ಚು ಹಾಕ್ತು. 2016ರಲ್ಲಿ ಆ ಟೇಲರನ್ನೂ ಬಂದೂಕಿನ ಕಂಪನಿ ಸ್ಮಿತ್ ಅಂಡ್ ವೆಸನ್ ಕೊಂಡುಕೊಂಡ್ತು. ಈಗ ಶ್ರೇಡ್ ಹೆಸರಲ್ಲಿ 'ಟ್ಯಾಕ್ಟಿಕಲ್ ಪೆನ್ನು' ಕೂಡ ಸಿಗುತ್ತೆ. ಹಳೇ ಕುಲುಮೆ ಸತ್ತು ಇಪ್ಪತ್ತು ವರ್ಷ ಆಯ್ತು, ಹೆಸರು ಮಾತ್ರ ಸಂತೆ ಸಂತೆ ಸುತ್ತುತ್ತಿದೆ. ಚೀನಾದಲ್ಲಿ ಮಾಡಿದ್ದು ಅಂತ ನಾನು ಬೈತಿಲ್ಲ. ಒಳ್ಳೊಳ್ಳೆ ಬ್ಯಾಟ್ರಿ ಮಾಡೋರೂ ಅಲ್ಲೇ ಇದಾರೆ. ಅದೇ ಮಾಲು ಅದೇ ಕಾರ್ಖಾನೆಯ ಹೆಸರಲ್ಲಿ ಅರ್ಧ ದುಡ್ಡಿಗೆ ಸಿಗುವಾಗ, ಇನ್ನರ್ಧ ಅಚ್ಚಿಗೆ ಯಾಕೆ ಕೊಡಬೇಕು ಅಂತ ಕೇಳ್ತಿದೀನಿ.

ಬುದ್ಧಿವಂತಿಕೆ ಮಾಡಿದವರೂ ಇದಾರೆ. ಲೆದರ್‌ಮನ್ ಅಂತ ಇಕ್ಕಳ-ಚಾಕು ಒಂದಾಗಿ ಮಾಡೋ ಕಂಪನಿ, ತಮ್ಮ ಇಕ್ಕಳಕ್ಕೆ 25 ವರ್ಷ ವಾರಂಟಿ ಕೊಡೋರು. ಅವರಿಗೆ ಬೆಳಕಿನ ವ್ಯಾಪಾರ ಬೇಕಾದಾಗ 2011ರಲ್ಲಿ ಜರ್ಮನಿಯ ಜೋಲಿಂಗನ್ ಊರಿನ ಎಲ್‌ಇಡಿ ಲೆನ್ಸರ್ ಕಂಪನೀನೇ ಕೊಂಡುಕೊಂಡ್ರು. ಬ್ಯಾಟ್ರಿ ಮಾಡೋಕೆ ಬರೋರ ಕೈಲೇ ಬ್ಯಾಟ್ರಿ ಮಾಡಿಸಿದ್ರು. ಹೆಸರನ್ನೂ ಬ್ಯಾಟ್ರಿಯೋರದ್ದೇ ಇಟ್ಟರು.

ಈಗ ತೋಟಕ್ಕೆ ಬರೋಣ. ನಮಗೆ ತ್ರೀ ಫೇಸ್ ಪೂರ್ತಿ ಹಗಲಲ್ಲೇ ಸಿಕ್ಕಿದ್ರೆ ಈ ಮಾತೇ ಬೇಕಿರಲಿಲ್ಲ. ಅರ್ಧ ಹಗಲು, ಅರ್ಧ ಅಪರಾತ್ರಿ. ಮೋಟ್ರು ಹಾಕಬೇಕು, ಗೇಟ್‌ವಾಲ್ವ್ ತಿರುಗಿಸಬೇಕು, ಪಾತಿಯಿಂದ ಪಾತಿಗೆ ನೀರು ಕಟ್ಟಬೇಕು. ಬಿದ್ದ ಗರಿ ಕೆಳಗೆ ಕೊಳಕುಮಂಡಲ ಮಲಗಿದ್ರೆ ಅದರ ಮೈ ಬಣ್ಣ, ಒಣಗಿದ ಗರಿ ಬಣ್ಣ ಎರಡೂ ಒಂದೇ. ಹೋದ ಕಾರ್ತಿಕದಲ್ಲಿ ಪಕ್ಕದ ಹಳ್ಳಿಯ ಹಿರಿಯರೊಬ್ಬರು ಫೋನಿನ ಬೆಳಕಲ್ಲಿ ಹೋಗಿ ಅದನ್ನೇ ತುಳಿದ್ರು. ಔಷಧಿ ಇರೋ ಆಸ್ಪತ್ರೆಗೆ ಬೇಗ ಸೇರಿಸಿದ್ರಿಂದ ಉಳಿದ್ರು, ಕಾಲು ಇವತ್ತಿಗೂ ಸರಿ ಇಲ್ಲ. ಬ್ಯಾಟ್ರಿ ಮಾತು ನನಗೆ ತಮಾಷೆ ಅಲ್ಲ ಅನ್ನೋದು ಅದಕ್ಕೇ.

ಬೆಳಕಲ್ಲಿ ಎರಡು ಥರ. ಒಂದು ದೂರ ಹೊಡೆಯೋದು, ಇನ್ನೊಂದು ಕಾಲ ಸುತ್ತ ಹರಡೋದು. ಡಬ್ಬಿ ಮೇಲೆ '200 ಮೀಟರ್' ಅಂತ ಬರೆದಿರ್ತಾರೆ. ಅದನ್ನ ಅಳೆಯೋ ಲೆಕ್ಕ ಗೊತ್ತಾ? ಅಮೆರಿಕದವರು 2009ರಲ್ಲಿ ಎಫ್‌ಎಲ್ 1 ಅಂತ ಒಂದು ಮಾನದಂಡ ಮಾಡಿದ್ರು. ಅದರ ಪ್ರಕಾರ ಬೆಳಕು 0.25 ಲಕ್ಸ್‌ಗೆ ಇಳಿಯೋವರೆಗಿನ ದೂರವೇ 'ದೂರ'. 0.25 ಲಕ್ಸ್ ಅಂದ್ರೆ ಹೆಚ್ಚು ಕಮ್ಮಿ ಹುಣ್ಣಿಮೆ ಬೆಳದಿಂಗಳು. ಬೆಳದಿಂಗಳಲ್ಲಿ ಹಾವು ಗುರುತಿಸ್ತೀರಾ? ಹಾಗಾಗಿ ಬರೆದಿದ್ದರಲ್ಲಿ ಅರ್ಧ ದೂರಕ್ಕೇ ನಂಬಿ. ಅರ್ಧ ದೂರದಲ್ಲಿ ಬೆಳಕು ನಾಲ್ಕು ಪಟ್ಟು ಇರುತ್ತೆ. 'ಇಷ್ಟು ಗಂಟೆ ಉರಿಯುತ್ತೆ' ಅನ್ನೋದೂ ಹಾಗೇ. ಶುರುವಿನ ಬೆಳಕಿನ ಹತ್ತರಲ್ಲಿ ಒಂದು ಪಾಲಿಗೆ ಇಳಿಯೋವರೆಗಿನ ಹೊತ್ತು ಅದು.

ಇನ್ನೂ ಸುಲಭದ ಲೆಕ್ಕ ಕೊಡ್ತೀನಿ. ಬೆರಳು ದಪ್ಪದ ಲಿಥಿಯಂ ಸೆಲ್ಲು, 18650 ಅಂತಾರೆ, 18 ಮಿಲಿಮೀಟರ್ ದಪ್ಪ, 65 ಉದ್ದ. ಒಳ್ಳೆ ಸೆಲ್ಲಲ್ಲಿ ಸುಮಾರು 3500 ಎಂಎಎಚ್, 3.6 ವೋಲ್ಟು. ಗುಣಿಸಿದ್ರೆ 12.6 ವ್ಯಾಟ್-ಅವರ್. ಒಂದು ವ್ಯಾಟಿಗೆ ನೂರು ಲ್ಯೂಮೆನ್ ಬೆಳಕು ಅಂತ ಇಟ್ಕೊಳ್ಳಿ. ಸಾವಿರ ಲ್ಯೂಮೆನ್ ಬೇಕಾದ್ರೆ 10 ವ್ಯಾಟು, ಅಂದ್ರೆ ಒಂದೂಕಾಲು ಗಂಟೆಗೆ ಸೆಲ್ಲು ಖಾಲಿ. ಅದೇ 200 ಲ್ಯೂಮೆನ್‌ಗೆ ಇಟ್ರೆ ಆರು ಗಂಟೆ, ನಮ್ಮ ರಾತ್ರಿ ಪಾಳಿ ಮುಗಿಯುತ್ತೆ. 'ಸಾವಿರ ಲ್ಯೂಮೆನ್, ಹತ್ತು ಗಂಟೆ, ಒಂದೇ ಸೆಲ್' ಅಂತ ಯಾವ ದೊಡ್ಡ ಹೆಸರು ಬರೆದಿದ್ರೂ ಅದು ಸುಳ್ಳು. '9800 ಎಂಎಎಚ್' ಅಂತ ಅಚ್ಚಾದ ಸೆಲ್ಲು ಸಿಕ್ಕಿದ್ರೆ ದಿನಸಿ ಅಂಗಡಿ ತಕ್ಕಡಿ ಮೇಲಿಡಿ. ಅಸಲಿ ಸೆಲ್ಲು 45 ಗ್ರಾಮಿನ ಮೇಲೆ ತೂಗುತ್ತೆ. 30 ಗ್ರಾಮ್ ಬಂದ್ರೆ ಒಳಗೇನಿದೆಯೋ ದೇವರೇ ಬಲ್ಲ.

ನಮ್ಮ ಮನೆಗೂ ನೆಂಟರೊಬ್ಬರು ಒಂದು ಚಾಕು ಕಂಪನಿ ಬ್ಯಾಟ್ರಿ ತಂದುಕೊಟ್ಟಿದ್ರು. ಯಾವ ಕಂಪನಿ ಅಂತ ಕೇಳಬೇಡಿ. ನೋಡೋಕೆ ಮದುವೆ ಹುಡುಗನ ಥರ. ಅದಕ್ಕೆ ಹಾಕೋ ಸಿಆರ್ 123 ಸೆಲ್ಲು ತಿಪಟೂರಲ್ಲಿ ಮೂರು ಅಂಗಡಿ ತಿರುಗಿದ್ರೂ ಸಿಗಲಿಲ್ಲ. ಕ್ಯಾಮರಾ ಅಂಗಡಿಯಲ್ಲಿ ಒಂದು ಸಿಕ್ತು, ಎರಡು ಬೇಕಿತ್ತು. ತರಿಸಿ ಹಾಕಿದ ಮೇಲೆ ಎರಡನೇ ಮುಂಗಾರಿಗೆ ಸ್ವಿಚ್ಚಿನ ರಬ್ಬರು ಬಿರುಕು ಬಿಟ್ಟು ನೀರು ಇಳೀತು. ರಿಪೇರಿಗೆ ಇಲ್ಲಿ ಯಾರೂ ಇಲ್ಲ. ವಾರಂಟಿಗೆ ಕಳಿಸೋ ಕೊರಿಯರ್ ದುಡ್ಡಲ್ಲಿ ಹೊಸದೇ ಬರುತ್ತೆ.

ಹಾಗಂತ ಸಂತೇಲಿ ನೂರೈವತ್ತಕ್ಕೆ ಸಿಗೋ, ಹಿಂದೆ ಎರಡು ಪಿನ್ನು ಇರೋ ಪ್ಲಾಸ್ಟಿಕ್ ಬ್ಯಾಟ್ರಿ ತಗೊಳ್ಳಿ ಅಂತಲೂ ಹೇಳಲ್ಲ. ಅದರೊಳಗೆ ಸೀಸದ ಬ್ಯಾಟರಿ ಇರುತ್ತೆ. ಖಾಲಿ ಆದ ಮೇಲೆ ಒಂದು ತಿಂಗಳು ಹಾಗೇ ಮೂಲೇಲಿ ಬಿಟ್ರೆ ಸತ್ತ ಹಾಗೆ. ನಮ್ಮಪ್ಪನ ಕಾಲದ ಹಿತ್ತಾಳೆ ಎವರೆಡಿ, ಅದಕ್ಕೆ ದಪ್ಪ ಸೆಲ್ಲು ಯಾವ ಹಳ್ಳಿ ಅಂಗಡೀಲೂ ಸಿಗ್ತಿತ್ತು, ಬಲ್ಬು ಹೋದ್ರೆ ಬಲ್ಬು ಬದಲಾಯಿಸ್ತಿದ್ವಿ. ಬೆಳಕು ಕಮ್ಮಿ, ಮರ್ಯಾದೆ ಜಾಸ್ತಿ.

ಈಗ ನಾನು ಬಳಸ್ತಿರೋದು ಎರಡು. ತಲೆಗೆ ಕಟ್ಟೋ ಲೈಟು ಒಂದು, ಹರಡೋ ಬೆಳಕಿನದ್ದು. ಸ್ಟಾರ್ಟರ್ ಡಬ್ಬಿ ಮುಂದೆ ಫ್ಯೂಜ್ ಹಾಕುವಾಗ ಎರಡು ಕೈಯೂ ಖಾಲಿ ಬೇಕು. ಬಾಯಲ್ಲಿ ಬ್ಯಾಟ್ರಿ ಕಚ್ಕೊಂಡು ಫ್ಯೂಜ್ ಮುಟ್ಟೋರ ಧೈರ್ಯಕ್ಕೆ ನನ್ನ ನಮಸ್ಕಾರ. ಇನ್ನೊಂದು ಕೈ ಬ್ಯಾಟ್ರಿ, ದೂರ ಹೊಡೆಯೋದು, ಬೇಲಿ ಕಡೆ ಚಿರತೆ ಕಣ್ಣು ಹೊಳೆಯುತ್ತಾ ನೋಡೋಕೆ. ಎರಡಕ್ಕೂ ಒಂದೇ 18650 ಸೆಲ್ಲು, ಬಿಚ್ಚಿ ಬದಲಾಯಿಸಬಹುದು. ಎರಡೂ ಸೇರಿ 1900 ರೂಪಾಯಿ ಆಯ್ತು. ತಗೊಳ್ಳುವಾಗ ತೀರಾ ನೀಲಿ ಬಿಳುಪಿನ ಬೆಳಕು ಬೇಡ, ಸ್ವಲ್ಪ ಹಳದಿ ಕಡೆಗಿರ್ಲಿ. ನೀಲಿ ಬೆಳಕಲ್ಲಿ ಗರಿ, ಮಣ್ಣು, ಹಾವು ಎಲ್ಲ ಬೂದಿ ಬಣ್ಣ. ಮಳೆ ತಡೆಯೋಕೆ ಐಪಿಎಕ್ಸ್ 4 ಸಾಕು, ತೊಟ್ಟಿಗೆ ಬೀಳಿಸೋ ಅಭ್ಯಾಸ ಇದ್ರೆ ಐಪಿಎಕ್ಸ್ 7 ನೋಡಿ, ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತೆ. ಕಾಲಿಗೆ ಗಂಬೂಟು, ಕೈಗೆ ಕೋಲು ಇದ್ದೇ ಇರಲಿ, ಎಂಥ ಬೆಳಕಿದ್ರೂ.

ಇನ್ನು ಚಿಲ್ಲರೆ ಸಾಮಾನು. ಸೊಂಟದ ಚರ್ಮದ ಚೀಲ ನಮ್ಮೂರ ಚಪ್ಪಲಿ ಹೊಲಿಯೋರು ನೂರು ರೂಪಾಯಿಗೆ ಹೊಲಿದುಕೊಡ್ತಾರೆ, ಮಚ್ಚಿನ ಅಳತೆಗೇ. ಹಗ್ಗದ ಬಳೆ ಯಾತಕ್ಕೆ ಅಂತ ಇವತ್ತಿಗೂ ಗೊತ್ತಾಗಿಲ್ಲ, ತೆಂಗಿನ ನಾರಿನ ನಾಡಲ್ಲಿ ಹಗ್ಗಕ್ಕೆ ಬರವಾ? ಬೆಂಕಿ ಕಡ್ಡಿಗೆ ಬದಲು ಉಜ್ಜೋ ಕಂಬಿ ಮಾರ್ತಾರೆ, ಬೀಡಿ ಸೇದೋರೂ ಅದನ್ನ ಕೇಳಲ್ಲ. ಕಂಪನಿಯ ಸಾಣೆ ಉಪಕರಣದ ಬದಲು ಎರಡು ಬದಿಯ ಕಾರ್ಬೊರಂಡಂ ಕಲ್ಲು ತಗೊಳ್ಳಿ. ಚಾಕುವಿನ ಕೀಲಿಗೆ ಕೊಬ್ಬರಿ ಎಣ್ಣೆ ಮಾತ್ರ ಹಾಕಬೇಡಿ. ನಮ್ಮದೇ ಬೆಳೆ ಅಂತ ಅಭಿಮಾನ ಇರಬಹುದು, 24 ಡಿಗ್ರಿ ಕೆಳಗೆ ಇಳಿದ್ರೆ ಗಟ್ಟಿ ಆಗುತ್ತೆ, ಆಮೇಲೆ ಧೂಳು ಸೇರಿ ಅಂಟು. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು.

ಒಂದೇ ಒಂದು ಸಾಮಾನಿಗೆ ನಾನು ಕಂಪನಿಗೇ ದುಡ್ಡು ಕೊಡ್ತೀನಿ: ಕೆಂಪು ಹಿಡಿಯಲ್ಲಿ ಸಿಕ್ಕಿಸಿರೋ ಪುಟ್ಟ ಚಿಮಟ. ಕಳೆದುಹೋದ್ರೆ ಬಿಡಿಯಾಗಿ ಸಿಗುತ್ತೆ. ಜಾಲಿ ಮುಳ್ಳು ಮುರಿದು ಹಿಮ್ಮಡೀಲಿ ಉಳಿದಾಗ ಅದರಷ್ಟು ಚೆನ್ನಾಗಿ ಹಿಡಿಯೋದು ಬೇರೆ ಕಂಡಿಲ್ಲ.

ಬರೋ ಸಂತೆಗೆ ಬ್ಯಾಟ್ರಿ ತರೋಕೆ ಹೋಗೋರು ಮಟಮಟ ಮಧ್ಯಾಹ್ನ ಅಂಗಡಿ ಮುಂದೆ ನಿಂತು ಬೆಳಕು ನೋಡಬೇಡಿ. ಗೋಡೌನಿನ ಕತ್ತಲಲ್ಲಿ ಹತ್ತು ನಿಮಿಷ ಉರಿಸಿ ನೋಡೋಕೆ ಕೇಳಿ. ಹತ್ತು ನಿಮಿಷಕ್ಕೇ ಬೆಳಕು ಕುಗ್ಗಿದ್ರೆ ವಾಪಸ್ ಕೊಟ್ಟು ಬನ್ನಿ. ಊದಿಕೊಂಡ ಹಳೇ ಲಿಥಿಯಂ ಸೆಲ್ಲು ಮನೇಲಿದ್ರೆ ಚಾರ್ಜಿಗೆ ಹಾಕಬೇಡಿ, ತಿಪ್ಪೆಗೂ ಒಲೆಗೂ ಬೇಡ, ಬಾಯಿಗೆ ಟೇಪು ಸುತ್ತಿ ಮೊಬೈಲ್ ರಿಪೇರಿ ಅಂಗಡಿಗೆ ಕೊಡಿ, ಹಳೇ ಬ್ಯಾಟರಿ ಜೊತೆ ಅವರು ಕಳಿಸ್ತಾರೆ.